ತೇಗದ ಬಾಗಿಲಿನ ಮುದ್ರೆ

ಗಂಗಾಧರಯ್ಯ: ಎಲ್ಲಯ್ಯಾ ಮುದ್ರೆ? ಈ ಚೌಕಟ್ಟಿನ ಮೇಲಿದ್ದ ಮುದ್ರೆ ಎಲ್ಲಿ?

ಹನುಮಯ್ಯ: ಯಾವ್ದು ಸಾರ್, ಆ ಗುಂಡಿ ತರ ಇತ್ತಲ್ಲ, ಅದಾ? ಕೀಸಿ ತೆಗೆದೆ. ಈಗ ಮುಟ್ಟಿ ನೋಡಿ, ಮಗು ಕೆನ್ನೆ ಇದ್ದಂಗಿದೆ.

ಗಂಗಾಧರಯ್ಯ: ಕೆನ್ನೆಗಿಷ್ಟು ಬೆಂಕಿ ಹಾಕ! ಅರಣ್ಯದವರು ಸುತ್ತಿಗೇಲಿ ಹೊಡೆದ ಮುದ್ರೆ ಕಣಯ್ಯಾ ಅದು. ಇದು ಕದ್ದ ಮರ ಅಲ್ಲ ಅನ್ನೋಕೆ ಅದೇ ಸಾಕ್ಷಿ!

ಹನುಮಯ್ಯ: ಅಯ್ಯೋ, ನಾನು ಎಮ್ಮೆ ಕಚ್ಚಿದ ಗುರುತು ಅಂದ್ಕೊಂಡೆ.

ಶ್ರೀಗಂಧದ ಕಾವಲಿನ ಹೊಸ ಮನೆಯ ಹೆಬ್ಬಾಗಿಲಲ್ಲಿ ನಡೆದ ಜಗಳವಿದು. ಕೂಗುತ್ತಿದ್ದವರು ಮನೆಯ ಯಜಮಾನರು, ಸರ್ಕಾರಿ ಕಚೇರಿಯ ನಿವೃತ್ತ ಸೂಪರಿಂಟೆಂಡೆಂಟ್, ಕೂಗಿಸಿಕೊಳ್ಳುತ್ತಿದ್ದವನು ಬಡಗಿ. ‘ಹಸಿರು ಮನೆ’ ಎಂಬ ಸರ್ಟಿಫಿಕೇಟು ಕೊಡುವ ಸಂಸ್ಥೆಯವರು ಹನ್ನೊಂದಕ್ಕೆ ಪರಿಶೀಲನೆಗೆ ಬರುವುದಿತ್ತು. ಸರ್ಟಿಫಿಕೇಟು ಇನ್ನೂ ಕೈಗೆ ಬಂದಿಲ್ಲ. ‘ಪ್ರಮಾಣಿತ ಹಸಿರು ಮನೆಯ ಗೃಹಪ್ರವೇಶ’ ಎಂದು ಅಚ್ಚಾದ ಕಾರ್ಡು ಮಾತ್ರ ರಾಜಾಜಿನಗರದಿಂದ ಕೆಂಗೇರಿವರೆಗೆ ಹಂಚಿ ಮುಗಿದಿತ್ತು. ಮೆಟ್ರೋ ಕಂಬಗಳಿಗೆ ಕೊಟ್ಟಿರಲಿಲ್ಲ, ಅಷ್ಟೆ.

ಗಂಗಾಧರಯ್ಯ: ಸೋಮವಾರ ಗೃಹಪ್ರವೇಶಕ್ಕೆ ಬಸವೇಶ್ವರನಗರದಿಂದ ನಮ್ಮ ಷಡ್ಡಕ ಬರ್ತಾನೆ. ಕಾರ್ಡು ಕೈಲಿ ಹಿಡ್ಕೊಂಡೇ ಬರ್ತಾನೆ. ‘ಎಲ್ಲಿ ಭಾವ ಸರ್ಟಿಫಿಕೇಟು?’ ಅಂದ್ರೆ ಏನ್ ತೋರಿಸ್ಲಿ, ನಿನ್ನ ಮಗು ಕೆನ್ನೇನಾ? ಇರು, ದಿಮ್ಮಿ ತುದೀಲೂ ಒಂದು ಮುದ್ರೆ ಇತ್ತಲ್ಲ?

ಹನುಮಯ್ಯ: ಇತ್ತು. ಆ ತುದಿ ಕೊಯ್ದು ಪಕ್ಕಕ್ಕೆ ಇಟ್ಟಿದ್ದೆ.

ಗಂಗಾಧರಯ್ಯ: ಬದುಕಿದೆ! ತಗೊಂಬಾ.

ಹನುಮಯ್ಯ: ಕೂತ್ಕೊಳ್ಳಿ, ಹೇಳ್ತೀನಿ.

ಗಂಗಾಧರಯ್ಯ: ನಿಂತೇ ಕೇಳ್ತೀನಿ!

ಹನುಮಯ್ಯ: ಶುಕ್ರವಾರ ಗ್ಯಾಸ್ ಖಾಲಿ ಆಗಿತ್ತಾ? ಅಮ್ಮಾವ್ರು ಮೂರು ಇಟ್ಟಿಗೆ ಇಟ್ಟು ಟೀ ಕಾಯ್ಸು ಅಂದ್ರು. ಕಾಯ್ಸಿದೆ. ನೀವೇ ಎರಡು ಲೋಟ ಕುಡಿದು, ‘ಇವತ್ತು ಟೀನಲ್ಲಿ ಏನೋ ಒಂದು ಗತ್ತಿದೆ ಹನುಮಯ್ಯ’ ಅಂದ್ರಿ.

ಗಂಗಾಧರಯ್ಯ: ಸರ್ಕಾರಿ ಮುದ್ರೇಲಿ ಟೀ ಕಾಯ್ಸಿದ್ಯಾ! ಕಾಡು ಉಳಿಸ್ಬೇಕು ಅಂತ ಹುಡುಕಿ ಹುಡುಕಿ ತಂದ ಮರ ಕಣಯ್ಯಾ. ರೈತರು ಹೊಲದಲ್ಲಿ ಬೆಳೆದ ತೇಗ. ಒಂದು ಕಡಿದ್ರೆ ಎರಡು ನೆಡ್ತಾರೆ. ನಿನಗೇನ್ ಗೊತ್ತು?

ಹನುಮಯ್ಯ: ನಿಮ್ಮನೆಗೆ ಕಡಿದಿದ್ದಕ್ಕೆ ಎರಡೆರಡು ನೆಟ್ರೆ ಬಂಡೀಪುರದ ಪಕ್ಕ ಇನ್ನೊಂದು ಬಂಡೀಪುರ ಬೇಕಾಗುತ್ತೆ. ಇರೋರು ಇಬ್ರು, ಬಾಗಿಲು ಇಪ್ಪತ್ತೆರಡು. ಅಡುಗೆಮನೇಲಿ ಹೊರಟ ಕಾಫಿ ಹಾಲ್ ಸೇರೋ ಹೊತ್ತಿಗೆ ಮೊಸರಾಗಿರುತ್ತೆ. ಚಪ್ಪಲಿ ಗೂಡಿಗೂ ತೇಗ!

ಗಂಗಾಧರಯ್ಯ: ಚಪ್ಪಲಿಗೂ ಒಂದು ಮರ್ಯಾದೆ ಬೇಡ್ವಾ?

ಹನುಮಯ್ಯ: ಬೇಕು ಸಾರ್. ಈ ಏರಿಯಾ ಹೆಸರೇ ಶ್ರೀಗಂಧದ ಕಾವಲ್. ಕಾವಲು ಕಾದೂ ಕಾದೂ ಗಂಧ ಹೋಯ್ತು, ಸೈಟ್ ಉಳೀತು. ಇನ್ನು ತೇಗ ಕಾಯೋಕೆ ನೀವು ಬಂದಿದೀರ.

ಗಡಿಯಾರ ಹತ್ತೂ ಐವತ್ತು ತೋರಿಸಿತು. ಗಂಗಾಧರಯ್ಯನವರು ಬಾಗಿಲು ನೋಡಿದರು, ಬೀದಿ ನೋಡಿದರು, ಆಮೇಲೆ ಹನುಮಯ್ಯನ ಸುತ್ತಿಗೆಯನ್ನು ಬಹಳ ಪ್ರೀತಿಯಿಂದ ನೋಡಿದರು.

ಗಂಗಾಧರಯ್ಯ: ಹನುಮಯ್ಯ... ಸಣ್ಣದಾಗಿ ಒಂದೇ ಒಂದು ಏಟು...

ಹನುಮಯ್ಯ: ಸಾರ್! ಮೂವತ್ತೈದು ವರ್ಷ ಸರ್ವಿಸ್ ಮಾಡಿದೋರು ನೀವು!

ಗಂಗಾಧರಯ್ಯ: ಅದಕ್ಕೇ ಕಣಯ್ಯಾ. ನನಗೆ ಮುದ್ರೆ ಹಾಕೋದು ಗೊತ್ತು, ಸುತ್ತಿಗೆ ಹಿಡಿಯೋದು ಗೊತ್ತಿಲ್ಲ.

ಹನುಮಯ್ಯ: ನಂದು ಮೊಳೆ ಹೊಡೆಯೋ ಸುತ್ತಿಗೆ. ಸುಳ್ಳು ಹೊಡೆದ್ರೆ ಹಿಡಿ ಸಡಿಲ ಆಗುತ್ತೆ.

ಅಷ್ಟರಲ್ಲಿ ಗೇಟಿನ ಮುಂದೆ ಸ್ಕೂಟರ್ ನಿಂತಿತು. ಹೆಲ್ಮೆಟ್ ತೆಗೆಯುತ್ತ ಒಳಗೆ ಬಂದವಳು ಪರಿಶೀಲನೆಯ ಹುಡುಗಿ ವಚನಾ. ಅವಳು ನಮಸ್ಕಾರ ಹೇಳುವ ಮೊದಲೇ ಗಂಗಾಧರಯ್ಯನವರು ಟೀ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟರು.

ವಚನಾ: ಅಯ್ಯೋ, ಕೀಸಿದ ಮೇಲೆ ಯಾರ ಬಾಗಿಲಲ್ಲೂ ಮುದ್ರೆ ಇರಲ್ಲ ಅಂಕಲ್. ಮರ ಸಾಗಿಸೋಕೆ ಕೊಟ್ಟ ಪರ್ಮಿಟ್ ಇದ್ರೆ ಸಾಕು.

ಗಂಗಾಧರಯ್ಯನವರ ಎದೆ ಎಷ್ಟು ಉಬ್ಬಿತೆಂದರೆ, ಸಿಡಿದ ಶರ್ಟಿನ ಗುಂಡಿ ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನಲ್ಲಿ ಬಿದ್ದಿರಬೇಕು. ಒಳಗೆ ಓಡಿದರು. ದೇವರ ಪಟ ಹೊರುವಂತೆ ಎರಡೂ ಕೈಯಲ್ಲಿ ಒಂದು ದೊಡ್ಡ ಫ್ರೇಮು ಹೊತ್ತು ತಂದರು.

ಗಂಗಾಧರಯ್ಯ: ನೋಡಮ್ಮಾ ಪರ್ಮಿಟ್! ಹಾಲ್‌ನಲ್ಲಿ ಎಲ್ಲರಿಗೂ ಕಾಣ್ಲಿ ಅಂತ ಗಾಜು ಹಾಕಿಸಿದೀನಿ.

ವಚನಾ: ಪರ್ಮಿಟ್ ಸರಿಯಾಗಿದೆ ಅಂಕಲ್. ಫ್ರೇಮೂ ತುಂಬಾ ಚೆನ್ನಾಗಿದೆ. ಯಾವ ಮರ?

ಗಂಗಾಧರಯ್ಯ: ಬೀಟೆ ಕಣಮ್ಮಾ, ಅಪ್ಪಟ ಕಾಡು ಬೀಟೆ! ಅಂಗಡೀಲಿ ಸಿಗೋದಲ್ಲ. ಗೊತ್ತಿರೋರೊಬ್ರು ಗೋಣಿಚೀಲದಲ್ಲಿ ಸುತ್ತಿ, ‘ಯಾರಿಗೂ ಹೇಳ್ಬೇಡಿ’ ಅಂತ ತಂದ್ಕೊಟ್ರು!

ವಚನಾ ಪೆನ್ನಿನ ಮುಚ್ಚಳ ತೆಗೆದಳು.

ವಚನಾ: ಈ ಬೀಟೆಯ ಪರ್ಮಿಟ್ ಅಂಕಲ್?

ಗಂಗಾಧರಯ್ಯನವರು ಫ್ರೇಮನ್ನು ನೋಡಿದರು. ಆಮೇಲೆ ಹನುಮಯ್ಯನನ್ನು ನೋಡಿದರು.

ಹನುಮಯ್ಯ: ನನ್ನನ್ಯಾಕೆ ನೋಡ್ತೀರ ಸಾರ್? ಅದಕ್ಕೂ ಎಲ್ಲಾದ್ರೂ ಒಂದು ಪರ್ಮಿಟ್ ಸಿಕ್ಕಿದ್ರೆ, ದಮ್ಮಯ್ಯ, ಅದಕ್ಕೆ ಫ್ರೇಮ್ ಹಾಕಿಸ್ಬೇಡಿ.