ಬದುವಿನ ಮ್ಯಾಲಿನ ಮಾಸ್ತರ

ನಾನು ಮಾನ್ವಿ ಹೈಸ್ಕೂಲಿನಾಗ ಕನ್ನಡ ಮಾಸ್ತರ. ನಮ್ಮ ಮನಿತನದಾಗ ಕೂಲಿ ಬಿಟ್ಟು ಕುರ್ಚಿ ಮ್ಯಾಲೆ ಕುಂತವ ನಾನೇ ಮೊದಲು. ಹಿಂಗಾಗಿ ಮೊಬೈಲು, ಆಧಾರ, ಅರ್ಜಿ ಅಂದ್ರ ಬೀಗರು ಬಿಜ್ಜರೆಲ್ಲಾ ನನ್ನ ಕಡೆ ನೋಡ್ತಾರ. ನಾನೂ ಎದಿ ಉಬ್ಬಿಸ್ತೀನಿ.

ನಮ್ಮಕ್ಕ ನಾಗಮ್ಮ ದೇವದುರ್ಗದ ಕಡೆ ಹಳ್ಳ್ಯಾಗ ಒಂದು ತುಂಡು ಹೊಲದಾಗ ಚೆಂಡು ಹೂವು ಬೆಳೀತಿದ್ಲು. ಬದುವಿನ ಆ ಕಡೆ ಶರಣಪ್ಪನ ಹತ್ತಿ ಹೊಲ. ಅಷ್ಟರಾಗ ಬೆಳೆ ಸಮೀಕ್ಷೆ ಬಂತು. ಹೊಲದಾಗ ನಿಂತು ಮೊಬೈಲಿನಾಗ ಬೆಳಿ ಫೋಟೋ ಹೊಡದು ಸರಕಾರಕ್ಕ ಕಳಿಸಬೇಕು. ಊರಾಗ ಯಾರನ್ನಾರ ಕೇಳ್ತೀನಿ ಅಂದ್ಲು ಅಕ್ಕ. ನಾನಿರೂತನಕ ಮಂದಿ ಹಂಗು ಯಾಕ ಅಂತ ಬೈದು, ಐತವಾರ ಹೊಸ ಚಪ್ಪಲಿ ಮೆಟ್ಟಿ ಬಸ್ ಹತ್ತಿದೆ. ಶರಣಪ್ಪನೂ ತನ್ನದೂ ಮಾಡಿಕೊಡ್ರಿ ಅಂದ. ಆಗಲಿ, ಪರೋಪಕಾರ!

ಅವತ್ತು ಹೊಲಕ್ಕ ನೀರು ಬಿಟ್ಟಿದ್ರು. ಎರಡೂ ಕಡೆ ಕೆಸರು.

"ಚಪ್ಪಲಿ ಬಿಟ್ಟು ಕೆಳಗ ಇಳಿಯೋ ತಮ್ಮಾ," ಅಂದ್ಲು ಅಕ್ಕ.

ಕಲಿತವನಿಗೆ ಬುದ್ಧಿ ಹೇಳ್ತಾಳ ನೋಡ್ರಿ! ಬದುವಿನ ಮ್ಯಾಲೇ ನಿಂತು ಈ ಕಡೆ ಒಂದು, ಆ ಕಡೆ ಒಂದು ಫೋಟೋ ಹೊಡದೆ. ನಾನು ನಿಂತದ್ದು ಯಾರ ಹೊಲ ಅಂತ ಫೋನಿಗೇ ಅನುಮಾನ ಬಂತು, ಎರಡೂ ಹೊಲದ ನಂಬರ್ ತೋರಿಸಿ ಯಾವುದು ಅಂತ ಕೇಳಿತು. ನನಗ ಬರಲಿಲ್ಲ. ಒತ್ತಿದೆ, ಕಳಿಸಿದೆ, ಚಾ ಕುಡದು ಬಂದೆ.

ಆಮ್ಯಾಲೆ ಲಾಕ್‌ಡೌನು. ರಾಯಚೂರು ಮಾರ್ಕೆಟ್ ಬಂದ್, ಮದುವಿ ಬಂದ್, ಗುಡಿ ಬಂದ್. ಅಕ್ಕ ಮಾತ್ರ ದಿನಾ ಹೂವು ಬಿಡಿಸ್ತಿದ್ಲು, ಬಿಡಿಸಲಿಲ್ಲಂದ್ರ ಗಿಡ ಹಾಳಾಗತದ ಅಂತ. ಬಿಡಿಸಿದ್ದನ್ನ ಆಡಿನ ಮುಂದ ಸುರೀತಿದ್ಲು. ಸ್ವಲ್ಪ ದಿನಕ್ಕ ಆಡೂ ಮುಖ ತಿರುವಿದ್ವು. ಕೊನಿಗೆ ಗಿಡ ಕಿತ್ತು ಹಾಕಿದ್ಲು. ಅಷ್ಟರಾಗ ಹೂವು ಬೆಳದವರಿಗೆ ಸರಕಾರ ಕರೋನಾ ಪರಿಹಾರ ಕೊಡತದ ಅಂತ ಸುದ್ದಿ ಬಂತು. ಬಂದ್ರ ಮತ್ತ ಸಸಿ ಹಚ್ಚತೀನಿ, ಇಲ್ಲಂದ್ರ ಹೊಲ ಬೀಳು ಬೀಳತದ ಅಂದ್ಲು ಅಕ್ಕ. ಬಂದೇ ಬರತದ, ಸಮೀಕ್ಷೆ ಮಾಡಿದವ ಯಾರು ಅಂತ ತಿಳಕೊಂಡಿ ಅಂದೆ.

ಬರಲಿಲ್ಲ. ನನಗ ಸಿಟ್ಟು ನೆತ್ತಿಗೇರಿತು. "ಸದರಿ ಬಡ ಮಹಿಳೆಗೆ ಘೋರ ಅನ್ಯಾಯವೆಸಗಿದ ಬೇಜವಾಬ್ದಾರಿ ಸಮೀಕ್ಷಕನ ಮೇಲೆ ಕಠಿಣ ಕ್ರಮ ಜರುಗಿಸತಕ್ಕದ್ದು" ಅಂತ ಅರ್ಜಿ ಬರದು, ಅಕ್ಕನ್ನ ಕರಕೊಂಡು ದೇವದುರ್ಗದ ಆಫೀಸಿಗೆ ಹೋಗಿ, ಗಟ್ಟಿಯಾಗಿ ಓದಿದೆ. ಅಲ್ಲಿದ್ದ ಗುಮಾಸ್ತ ಪೂರಾ ಕೇಳಿ, ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ.

"ನಿಮ್ಮಕ್ಕನ ಹೊಲದಾಗ ಹತ್ತಿ ಅದ ಸರ್. ಬಾಜೂ ಹೊಲದಾಗ ಹೂವು. ಸಮೀಕ್ಷೆ ಮಾಡಿದವರ ಮೊಬೈಲ್ ನಂಬರ್ ಇಲ್ಲೇ ಅದ, ಯಾರದಂತ ನೋಡ್ರಿ."

ನೋಡಿದೆ. ನನ್ನದೇ!

ತಿದ್ದೂ ಟೈಮ್ ಮುಗದಿತ್ತು. ಹೂವಿನ ಪರಿಹಾರ ಶರಣಪ್ಪನ ಖಾತಿಗೆ ಹೋಗಿ ಕುಂತಿತ್ತು. ಅಕ್ಕ ಅರ್ಜಿ ಮಡಚಿ ನನ್ನ ಕೈಯಾಗ ಇಟ್ಟು ಬಸ್ ಸ್ಟ್ಯಾಂಡಿನ ಕಡೆ ನಡದ್ಲು. ಬೈದಿದ್ರ ಛಲೋ ಇತ್ತು.

ಶರಣಪ್ಪನ ಮನಿಗೆ ಓಡಿದೆ. ಅವ ಸಾವಕಾಶ ಹೇಳಿದ: ನಾನೇನು ಕೇಳಿದ್ನೇನ್ರಿ ಮಾಸ್ತರ, ಸರಕಾರ ತಾನೇ ಹಾಕ್ಯದ. ಹೂವಿಗಂತ ಬಂದದ್ದು ಹೂವಿಗೇ ಹಾಕತೀನಿ. ಹೇಳಿದಂಗೇ ಹತ್ತಿ ಕಿತ್ತು ಚೆಂಡು ಹೂವು ಹಚ್ಚಿದ. ಅವನಿಗೆ ಹೂವಿನ ಕೆಲಸ ಏನು ಗೊತ್ತು? ಗೊತ್ತಿದ್ದವರನ್ನ ಕೂಲಿಗೆ ಕರದ. ಯಾರನ್ನಂತ ಹೇಳಬೇಕೇನ್ರಿ? ನಾನು ಕೂಲಿ ಬಿಟ್ಟು ಕುರ್ಚಿ ಹತ್ತಿದೆ, ನಮ್ಮಕ್ಕನ್ನ ಸ್ವಂತ ಹೊಲ ಬಿಡಿಸಿ ಕೂಲಿಗೆ ಹಚ್ಚಿದೆ. ಯಾರ ಮುಂದ ಹೇಳೂದು?

ಮೊನ್ನೆ ಮತ್ತ ಸಮೀಕ್ಷೆ ಬಂತು. ಹೋದೆ. ಶರಣಪ್ಪ ಬದುವಿನ ಮ್ಯಾಲೇ ನನ್ನ ಕೈ ಹಿಡದ.

"ನಿಮ್ಮ ಕೈಗುಣ ಭಾಳ ಛಲೋ ಅದ್ರಿ ಮಾಸ್ತರ. ನಮ್ಮದು ಈ ಸಲನೂ ನೀವೇ ಹೊಡೀರಿ."

ಅಕ್ಕ ಅವನ ಹೊಲದಾಗ ಬಗ್ಗಿ ಹೂವು ಬಿಡಿಸಾಕತ್ತಿದ್ಲು. ಅಕ್ಕಾ, ಮೊದಲು ನಿಂದು ಹೊಡೀತೀನಿ ಅಂದೆ.

ಅವಳು ತಲಿ ಎತ್ತಲಿಲ್ಲ. "ನಮ್ಮದು ಬ್ಯಾಡ ಬಿಡಪ್ಪ. ತಪ್ಪಾಗಾಕ ಅಲ್ಲಿ ಏನೂ ಉಳದಿಲ್ಲ."

ನಾನು ಚಪ್ಪಲಿ ಬಿಟ್ಟು ಅಕ್ಕನ ಹೊಲಕ್ಕ ಇಳದೆ. ಒಣಗಿ ಬಿರುಕು ಬಿಟ್ಟಿತ್ತು. ಚಪ್ಪಲಿ ಬಿಡೂ ಜರೂರೇ ಇರಲಿಲ್ಲ.