ಭಾವನ ಬಾತುಬೇಟೆ

ನಮ್ಮ ಭಾವ ಕತಾರಿನಲ್ಲಿ ಬಾತುಕೋಳಿ ಬೇಟೆಗಾರರಾಗಿದ್ದರು. ಊರಿನಲ್ಲಿ ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ. ಆಮೇಲೆ, "ಆ ಮರಳಿನಲ್ಲಿ ಬಾತುಕೋಳಿ ಎಲ್ಲಿಂದ ಬರ್ಬೇಕು ಮಾರಾಯ?" ಎನ್ನುತ್ತಾರೆ. ಬರುತ್ತವೆ. ಚಳಿಗಾಲದಲ್ಲಿ ಉತ್ತರದಿಂದ ಹಿಂಡು ಹಿಂಡಾಗಿ ಬರುತ್ತವೆ. ಅವನ್ನು ಹೊಡೆಯುವವರೂ ಅಲ್ಲಿದ್ದಾರೆ. ಈ ಕಥೆಯಲ್ಲಿ ನಂಬಲು ಕಷ್ಟವಾದದ್ದು ಬಾತುಕೋಳಿಯಲ್ಲ, ನಮ್ಮ ಭಾವ! ಅವರಿಗೆ ಕೋವಿ ಇರಲಿಲ್ಲ, ಪರವಾನಗಿ ಇರಲಿಲ್ಲ, ಈಜು ಬರುತ್ತಿರಲಿಲ್ಲ. ಅವರ ಬೇಟೆಯಿಂದ ಯಾವ ಹಕ್ಕಿಯ ಒಂದು ಗರಿಯೂ ಉದುರಿದ್ದನ್ನು ನಾನು ಕಂಡಿಲ್ಲ. ಆದರೂ ಅವರು ಬೇಟೆಗಾರರೇ ಎಂದು ನಾನು ಸಾಕ್ಷಿ ಹೇಳುತ್ತೇನೆ. ನಾನು ಅಲ್ಲೇ, ಅವರ ಪಕ್ಕದಲ್ಲೇ ಕೂತಿದ್ದೆ. ಇವತ್ತಿಗೂ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ನನ್ನ ತಲೆ ತಾನಾಗಿಯೇ ತಗ್ಗುತ್ತದೆ. ಆದ್ದರಿಂದ ಅವಸರ ಮಾಡದೆ, ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಏಷ್ಯನ್ ಗೇಮ್ಸ್‌ಗಾಗಿ ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ವರ್ಷಗಳು ಅವು. ನಾನು ಅಕ್ಕ-ಭಾವನ ಜೊತೆ ಅಲ್ಲಿನ ನಜ್ಮಾ ಬಡಾವಣೆಯ ಒಂದು ಹಳೆಯ ಫ್ಲ್ಯಾಟಿನಲ್ಲಿದ್ದೆ. ಭಾವ ಅಲ್ಲೇ ಕೆಳಗಿನ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮದುವೆಗೆ ಮೊದಲಿನಿಂದಲೂ ಕೆಲಸಕ್ಕಿದ್ದರು. ಅಂಗಡಿಯ ಯಜಮಾನರು ಒಬ್ಬ ವಯಸ್ಸಾದ ಅರಬರು. ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ಅವರು ನಮ್ಮೊಡನೆ ಮಾತನಾಡುತ್ತಿದ್ದುದು ಅರ್ಧ ಹಿಂದಿ, ಅರ್ಧ ಅರಬಿಯಲ್ಲಿ. ಭಾವ ಉತ್ತರ ಕೊಡುತ್ತಿದ್ದುದು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು.

ಒಂದು ಬೇಸಿಗೆಯಿಂದ ಅರ್ಬಾಬರ ಬಲಗೈ ನಡುಗಲು ಶುರುವಾಯಿತು. ಮಕ್ಕಳು ಮೊದಲು ಕಾರಿನ ಕೀಲಿ ತೆಗೆದಿಟ್ಟುಕೊಂಡರು. ಆಮೇಲೆ, "ಕೋವಿಯನ್ನೂ ಪೊಲೀಸರಿಗೆ ಒಪ್ಪಿಸಿಬಿಡಿ ಅಪ್ಪಾ" ಎಂದರು. ಮುದುಕರು ಸಿಟ್ಟಾದರು. ಕೊನೆಗೆ ಮನೆಯಲ್ಲಿ ಒಂದು ಮಾತು ನಿಂತಿತು: ಈ ಚಳಿಗಾಲದಲ್ಲಿ ಅವರು ಒಂದೇ ಒಂದು ಬಾತು ಹೊಡೆದರೆ ಕೋವಿ ಉಳಿಯುತ್ತದೆ. ಇಲ್ಲದಿದ್ದರೆ ಖಲಾಸ್. ಮಾತು ನಿಂತದ್ದೇನೋ ಸರಿ, ಆದರೆ ಜೊತೆಗೆ ಹೋಗುವವರು ಯಾರು? ಹಳೆಯ ಗೆಳೆಯರಲ್ಲಿ ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಮೊಮ್ಮಗನ ಮದುವೆ. ನಿಜ ಏನೆಂದರೆ, ನಡುಗುವ ಕೈಯಲ್ಲಿ ಕೋವಿ ಇರುವಾಗ ಪಕ್ಕದಲ್ಲಿ ಕೂರಲು ಯಾರಿಗೂ ಧೈರ್ಯವಿರಲಿಲ್ಲ.

ಅಂಗಡಿಯಲ್ಲಿ ಅರ್ಬಾಬ್ ಒಂದು ಸಂಜೆ ಹೇಳಿದರಂತೆ: "ಕೋವಿ ಹೋದರೆ ಹೋಗಲಿ. ಶುಕ್ರವಾರ ಬೆಳಿಗ್ಗೆ ನಾನು ಎಲ್ಲಿಗೆ ಹೋಗಲಿ?"

ಮೊಳೆ ತೂಗುತ್ತಿದ್ದ ಭಾವ ತಲೆ ಎತ್ತದೆ ಹೇಳಿದರಂತೆ: "ನಾನು ಬರ್ತೇನೆ ಅರ್ಬಾಬ್. ನನಗೆ ಹಕ್ಕಿಯ ವಿಷಯ ಗೊತ್ತುಂಟು."

ಭಾವನಿಗೆ ಗೊತ್ತಿದ್ದ ಹಕ್ಕಿ ಯಾವುದು? ಕಟ್ಟದ ಕೋಳಿ, ಎಂದರೆ ಕಾಳಗಕ್ಕೆ ಬಿಡುವ ಹುಂಜ! ಕೋಳಿ ಅಂಕದ ಹುಚ್ಚು ಅವರಿಗೆ ಚಿಕ್ಕಂದಿನಿಂದ. ಊರಿಗೆ ರಜೆಯಲ್ಲಿ ಹೋದರೆ ನೆಂಟರ ಮನೆಗಿಂತ ಮೊದಲು ಅಂಕದ ಗದ್ದೆ. ಹುಂಜವನ್ನು ಎಡ ಕಂಕುಳಲ್ಲಿ ಹೇಗೆ ಹಿಡಿಯಬೇಕು, ಅದು ಓಡದ ಹಾಗೆ ಕಾಲಿಗೆ ದಾರ ಹೇಗೆ ಕಟ್ಟಬೇಕು, ಯಾವ ತಿಥಿಗೆ ಯಾವ ಬಣ್ಣದ್ದು ಗೆಲ್ಲುತ್ತದೆ, ಎಲ್ಲವೂ ಬಾಯಿಪಾಠ. "ಹಕ್ಕಿ ಅಂದ್ರೆ ಹಕ್ಕಿಯೇ ಮಾರಾಯ. ಕೊಕ್ಕು ಸ್ವಲ್ಪ ಚಪ್ಪಟೆ, ಅಷ್ಟೇ" ಎಂದರು ನನಗೆ.

"ಅದಕ್ಕೆ ನನಗೆ ಯಾಕೆ ಹೇಳ್ತೀರಿ ಭಾವ?"

"ಪಿಕಪ್ ಯಾರು ಬಿಡುವುದು ಮತ್ತೆ?"

ಭಾವನಿಗೆ ಲೈಸನ್ಸ್ ಇರಲಿಲ್ಲ. ಅವರು ಟೆಸ್ಟಿಗೆ ಹೋದಾಗಲೆಲ್ಲ ಪಕ್ಕದಲ್ಲಿ ಕೂತ ಪೊಲೀಸಿನವರು ಬೆವರುತ್ತ ಇಳಿಯುತ್ತಿದ್ದರು. ಹಾಗಾಗಿ ನಾನು ಬೇಟೆಗೆ ಸೇರಿದೆ.

ಇನ್ನು ಅಭ್ಯಾಸದ ಸಂಗತಿ. ಜೊಂಡಿನ ಮರೆಯಲ್ಲಿ ಕೂತು ಬಾತಿನ ಹಾಗೆ ಕೂಗಿದರೆ ಮೇಲೆ ಹಾರುವ ಬಾತುಗಳು ಕೆಳಗಿಳಿಯುತ್ತವೆ ಎಂದು ಅರ್ಬಾಬ್ ಹೇಳಿಕೊಟ್ಟಿದ್ದರು. ಅದಕ್ಕೆ ಸೀಟಿಗಳು ಸಿಗುತ್ತವೆ. ಭಾವನಿಗೆ ಸೀಟಿ ಯಾಕೆ? ಗಂಟಲು ಇದೆಯಲ್ಲ! ಸ್ನಾನದ ಮನೆಯಲ್ಲಿ ಸ್ವರ ಚೆನ್ನಾಗಿ ತುಂಬುತ್ತದೆಂದು ಅಲ್ಲೇ ಬಾಗಿಲು ಹಾಕಿಕೊಂಡು ದಿನಾ ಕೂಗತೊಡಗಿದರು. ಒಂದು ವಾರ ಕಳೆದಿರಬೇಕು, ಕೆಳಗಿನ ಮನೆಯ ಮಲಯಾಳಿ ಚೇಟ್ಟನ್ ಬಾಗಿಲು ತಟ್ಟಿದರು. ಕೈಯಲ್ಲಿ ಉಬ್ಬಸದವರು ಬಾಯಿಗೆ ಹಿಡಿದು ಎಳೆಯುವ ಔಷಧಿ. ಅಕ್ಕನ ಹತ್ತಿರ ತಗ್ಗಿದ ಸ್ವರದಲ್ಲಿ ಹೇಳಿದರು: "ಚೇಚಿ, ನನ್ನ ಅಪ್ಪನಿಗೂ ಹೀಗೇ ಶುರುವಾದದ್ದು. ತಡ ಮಾಡಬೇಡಿ."

ಉಡುಪಿನದ್ದು ಇನ್ನೊಂದು ಕಥೆ. ಬೇಟೆಗಾರರು ಮಣ್ಣಿನ ಬಣ್ಣದ ಬಟ್ಟೆ ತೊಡುತ್ತಾರೆ, ಹಕ್ಕಿಗೆ ಕಾಣಬಾರದೆಂದು. ಭಾವ ಅಂಗಡಿಯಿಂದ ರಸ್ತೆ ಕೆಲಸದವರ ಹಳದಿ ಜಾಕೆಟ್ ತಂದರು. ಬೆಳಕು ಬಿದ್ದರೆ ಮಿನುಗುವ ಪಟ್ಟಿ ಬೇರೆ! ಅವರ ಲೆಕ್ಕಾಚಾರ ಹೀಗಿತ್ತು: ಹಕ್ಕಿಗೆ ಕಾಣಿಸದಿದ್ದರೆ ಅರ್ಬಾಬರಿಗೂ ಕಾಣಿಸುವುದಿಲ್ಲ. ಆ ನಡುಗುವ ಕೈಯನ್ನು ನೆನೆದು ನಾನೂ ಒಂದು ಜಾಕೆಟ್ ಕೇಳಿ ಪಡೆದೆ.

ಅರ್ಬಾಬ್ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಭಾವನನ್ನು ಎಂದಿನಂತೆ ಅರಬಿಯಲ್ಲಿ ಗೆಳೆಯ ಎಂದು ಕರೆದು ಹೇಳಿದರು: "ಸದೀಕ್, ಬಾತುಗಳು ಮುನಿಸಿಪಾಲಿಟಿಯವರು ಬಂದರೆಂದು ತಿಳಿದು ಜಾಗ ಖಾಲಿ ಮಾಡುತ್ತವೆ!"

ನಾವು ಹೋಗುತ್ತಿದ್ದ ಕೆರೆ ದೋಹಾದ ಹೊರಗೆ, ಸಲ್ವಾ ರಸ್ತೆಯ ಕಡೆ. ಕೆರೆ ಎಂದರೆ ಊರಿನ ಬಳಸಿದ ನೀರನ್ನು ಶುದ್ಧ ಮಾಡಿ ಮರಳಿಗೆ ಬಿಟ್ಟು ಆದ ಕೆರೆ. ನಜ್ಮಾದವರು, ಅಲ್ ಮನ್ಸೂರಾದವರು, ಬಿನ್ ಒಮ್ರಾನಿನವರು ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟ ನೀರಿನಲ್ಲಿ ಎಲ್ಲೆಲ್ಲಿಂದಲೋ ಬಂದ ಹಕ್ಕಿಗಳು ಹಾಯಾಗಿ ಈಜುತ್ತಿದ್ದವು. ದಂಡೆಯ ತುಂಬ ಆಳೆತ್ತರದ ಜೊಂಡು. ವಾಸನೆಯನ್ನು ವರ್ಣಿಸುವುದಿಲ್ಲ. ಮನೆಗೆ ಬಂದಾಗ ಅಕ್ಕ ನಮ್ಮಿಬ್ಬರ ಬೂಟುಗಳನ್ನು ಮೆಟ್ಟಿಲಲ್ಲೇ ಬಿಡಿಸಿ, ಮಾತನ್ನೂ ಮೆಟ್ಟಿಲಲ್ಲೇ ಮುಗಿಸುತ್ತಿದ್ದಳು.

ಮೊದಲ ಶುಕ್ರವಾರ, ಬೆಳಕು ಹರಿಯುವ ಹೊತ್ತು. ಜೊಂಡಿನೊಳಗೆ ಮೂರು ಪ್ಲಾಸ್ಟಿಕ್ ಸ್ಟೂಲು. ನಡುವೆ ಅರ್ಬಾಬ್, ಎಡಕ್ಕೆ ಭಾವ, ಬಲಕ್ಕೆ ನಾನು. ಭಾವ ಫ್ಲಾಸ್ಕಿನಿಂದ ಚಾ ಬಗ್ಗಿಸಿದರು. ನಮಗಿಬ್ಬರಿಗೆ ತುಂಬ ಲೋಟ, ಅರ್ಬಾಬರಿಗೆ ಅರ್ಧ.

"ಯಜಮಾನರಿಗೇ ಅರ್ಧವಾ ಭಾವ?" ಎಂದೆ ಮೆಲ್ಲಗೆ.

"ಸುಮ್ಮನೆ ಕುಡಿ ಮಾರಾಯ." ಅರ್ಬಾಬರ ಕೈಯಲ್ಲಿ ಆ ಅರ್ಧ ಚಾ ಲೋಟದ ಅಂಚಿನವರೆಗೆ ಬಂದು ಬಂದು ಹೋಗುತ್ತಿತ್ತು, ಚೆಲ್ಲಲಿಲ್ಲ.

ಆಮೇಲೆ ಭಾವ ಆಕಾಶ ನೋಡಿ, ತಿಥಿ ನೋಡಿ, ಬೆರಳು ಮಡಚಿ ಅರ್ಬಾಬರಿಗೆ ಹೇಳಿದರು: "ಇವತ್ತು ಕೆಂಪಿಗೆ ಬಲ ಉಂಟು. ಬಿಳಿಗೆ ಸೋಲು. ಬಿಳಿ ಬಂದ್ರೆ ಹೊಡಿರಿ, ಕೆಂಪನ್ನು ಬಿಡಿ." ಅರ್ಬಾಬ್ ಬಹಳ ಹೊತ್ತು ಯೋಚಿಸಿ ಕೇಳಿದರು: "ಬಾತಿಗೆ ಇದು ಗೊತ್ತುಂಟಾ?"

ಅಷ್ಟರಲ್ಲಿ ಮೇಲೆ ರೆಕ್ಕೆಗಳ ಸದ್ದಾಯಿತು. ಭಾವ ಕೂಗಿದರು. ಉಬ್ಬಸದ ಸ್ವರವೇ. ಬಾತುಗಳು ಒಮ್ಮೆ ತಿರುಗಿ ನೋಡಿದವು, ಅನುಕಂಪದಿಂದ ಇರಬೇಕು. ಅರ್ಬಾಬ್ "ಬಿಸ್ಮಿಲ್ಲಾ" ಎಂದು ಕೋವಿ ಎತ್ತಿದರು. ಕೋವಿಯ ತುದಿ ಮೊದಲು ಆಕಾಶದಲ್ಲಿತ್ತು, ಆಮೇಲೆ ಜೊಂಡಿನ ಮೇಲೆ, ಆಮೇಲೆ ನನ್ನ ಜಾಕೆಟಿನ ಮಿನುಗುವ ಪಟ್ಟಿಯ ನೇರಕ್ಕೆ, ಆಮೇಲೆ ಮತ್ತೆ ಆಕಾಶದಲ್ಲಿ. ನಾನು ಊರಿನ ದೈವಗಳನ್ನೆಲ್ಲ ಕರೆದೆ. ಢಂ! ಕಣ್ಣು ಬಿಟ್ಟಾಗ ನಾನು ಕೆಸರಿನಲ್ಲಿ ಬೋರಲು ಬಿದ್ದಿದ್ದೆ. ಭಾವ ನಿಂತೇ ಇದ್ದರು. "ಸ್ವಲ್ಪದರಲ್ಲಿ ತಪ್ಪಿತು ಅರ್ಬಾಬ್!" ಎಂದು ಹುರುಪಿನಿಂದ ಹೇಳುತ್ತಿದ್ದರು. ತಪ್ಪಿದ್ದು ಬಾತೋ ನಾನೋ ಎಂದು ನಾನು ಕೇಳಲಿಲ್ಲ.

ಹೀಗೆ ಶುಕ್ರವಾರಗಳು ಕಳೆದವು. ಬಾತು ಬೀಳಲಿಲ್ಲ. ಆದರೆ ಭಾವನ ಬಾಯಿ ಸುಮ್ಮನಿರಬೇಕಲ್ಲ? ಅಲ್ ಮನ್ಸೂರಾದ ಹೋಟೆಲಿನಲ್ಲಿ ಊರಿನವರು ಸೇರಿದಾಗ ಬೇಟೆಯ ಕಥೆ ಬಿಟ್ಟರು. ಊರಿನವರು ಬಿಡುತ್ತಾರೆಯೇ? "ಹಾಗಾದ್ರೆ ಈ ವಾರ ನಿಮ್ಮಲ್ಲಿ ಬಾತುಕೋಳಿ ಸುಕ್ಕ, ಅಲ್ವಾ ಅಣ್ಣೆರೇ?" ಎಂದರು. ಭಾವ ತಲೆಯಾಡಿಸಿಯೂಬಿಟ್ಟರು. ಆ ಶುಕ್ರವಾರ ವಾಪಸು ಬರುವಾಗ ಪಿಕಪ್ಪನ್ನು ಒಂದು ಸೂಪರ್ ಮಾರ್ಕೆಟಿನ ಮುಂದೆ ನಿಲ್ಲಿಸಲು ಹೇಳಿದರು. ಮಂಜುಗಟ್ಟಿದ್ದ ಬಾತನ್ನು ಜಾಕೆಟಿನೊಳಗೆ ಸುತ್ತಿ ತಂದು, "ನೋಡು, ಇವತ್ತಿನದ್ದು" ಎಂದು ಅಕ್ಕನ ಮುಂದಿಟ್ಟರು.

ಅಕ್ಕ ಬೆರಳಿನಿಂದ ಒತ್ತಿ ನೋಡಿದಳು. ಕಲ್ಲು. "ಕೆರೆಯಲ್ಲಿ ಅಷ್ಟು ಚಳಿಯಾ?" ಎಂದಳು. ಅದು ಕರಗಿದ ಮೇಲೆ ಹೊಟ್ಟೆಯೊಳಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಚೀಲ ಹೊರತೆಗೆದಳು. ಚೀಲದಲ್ಲಿ ಅಚ್ಚುಕಟ್ಟಾಗಿ ಕಟ್ಟಿದ ಲಿವರ್, ಕುತ್ತಿಗೆ, ಎಲ್ಲ.

"ಇವ್ರೇ, ನಿಮ್ಮ ಬಾತು ಸಾಯುವ ಮೊದಲು ತನ್ನ ಸಾಮಾನು ತಾನೇ ಪ್ಯಾಕ್ ಮಾಡಿಕೊಂಡಿದೆ!"

ಸುಕ್ಕ ಚೆನ್ನಾಗಿತ್ತು. ಬಂದವರು ಹೊಗಳಿ ಹೊಗಳಿ ತಿಂದರು. ಅಕ್ಕ ಬಡಿಸುವಾಗ ಮಾತ್ರ, "ಇನ್ನೊಂದು ತುಂಡು ಹಾಕ್ಲಾ? ಬಹಳ ದೂರದಿಂದ ಬಂದ ಹಕ್ಕಿ" ಎನ್ನುತ್ತಿದ್ದಳು.

ಚಳಿ ಇಳಿಯುತ್ತ ಬಂತು. ಬಾತುಗಳು ಹೊರಡುವ ಕಾಲ. ಅರ್ಬಾಬ್ ಅಂಗಡಿಯಲ್ಲಿ ಮಾತು ಕಡಿಮೆ ಮಾಡಿದ್ದರು. ಭಾವ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದರು. ನನಗೆ ತಡೆಯಲಾಗಲಿಲ್ಲ. "ಕೋವಿ ಹೋದ್ರೆ ಹೋಗ್ಲಿ ಭಾವ. ಒಳ್ಳೆಯದೇ ಆಯ್ತಲ್ಲ, ಯಾರಿಗಾದ್ರೂ ತಾಗುವ ಮೊದಲು. ನಿಮಗೆ ಯಾಕೆ ಇಷ್ಟು ಬೇಜಾರು?"

ಭಾವ ಬೂಟು ಒರೆಸುತ್ತಿದ್ದರು. "ನನ್ನ ಅಮ್ಮ ಊರಲ್ಲಿ ತೀರಿಹೋದ ದಿನ ನೆನಪುಂಟಾ? ನನ್ನ ಪಾಸ್‌ಪೋರ್ಟ್ ಅಂಗಡಿಯ ಆಫೀಸಿನ ಕಪಾಟಿನಲ್ಲಿ, ಅವತ್ತು ಆಫೀಸಿಗೆ ರಜೆ. ಈ ಮುದುಕರು ಸ್ವತಃ ಹೋಗಿ ಬೀಗ ತೆಗೆಸಿ, ಮನೆಯ ಚಪ್ಪಲಿಯಲ್ಲೇ ಏರ್‌ಪೋರ್ಟಿಗೆ ಬಂದು ಕೈಗೆ ಕೊಟ್ಟು, ನನ್ನ ವಿಮಾನ ಹೋಗುವವರೆಗೆ ಕೂತಿದ್ರು. ಒಬ್ಬನೇ ಕೂರ್ಬಾರದು ಅಂತ." ಅಷ್ಟು ಹೇಳಿ ಮತ್ತೆ ಬೂಟು ಒರೆಸಿದರು.

ಕೊನೆಯ ಶುಕ್ರವಾರ ಭಾವ ಒಂದು ಗೋಣಿ ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. "ಚಾ ಸಾಮಾನು" ಎಂದರು. ಸಲ್ವಾ ರಸ್ತೆಗೆ ತಿರುಗುತ್ತಿದ್ದ ಹಾಗೆ ಚಾ ಸಾಮಾನು "ಕ್ವ್ಯಾಕ್" ಎಂದಿತು!

ಮುಂದಿನ ಸೀಟಿನಲ್ಲಿದ್ದ ಅರ್ಬಾಬ್ ಹಿಂದೆ ತಿರುಗಿದರು. ಭಾವ ತಕ್ಷಣ ತಾವೇ ಇನ್ನೆರಡು ಸಲ ಕೂಗಿ, "ಪ್ರಾಕ್ಟೀಸ್ ಅರ್ಬಾಬ್!" ಎಂದರು.

"ಮೊದಲನೆಯದು ಬಹಳ ಚೆನ್ನಾಗಿತ್ತು" ಎಂದರು ಅರ್ಬಾಬ್. "ಆಮೇಲಿನವು ಮಾಫಿ, ಏನೂ ಇಲ್ಲ."

ನನಗೆ ಅರ್ಥವಾಯಿತು. ಹಕ್ಕಿ ಮಾರುವ ಸೂಕಿನಿಂದ, ಎಂದರೆ ಅಲ್ಲಿನ ಸಂತೆಯಿಂದ, ಜೀವಂತ ಬಾತು ತಂದಿದ್ದರು. ಮುಂದೆ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಂದು ಸಣ್ಣ ಹಿಂಡು ಬಂತು. ಅರ್ಬಾಬ್ ಹೊಡೆದರು. ಹಿಂಡು ತನ್ನವರನ್ನೆಲ್ಲ ಕರೆದುಕೊಂಡು ಹೊರಟುಹೋಯಿತು. "ಬಿತ್ತು ಅರ್ಬಾಬ್, ಬಿತ್ತು!" ಎಂದು ಬೊಬ್ಬೆ ಹೊಡೆಯುತ್ತ ಭಾವ ಗೋಣಿ ಎತ್ತಿಕೊಂಡು ಜೊಂಡಿನೊಳಗೆ ನುಗ್ಗಿದರು. ಪಚಪಚ ಸದ್ದಾಯಿತು. ಎಡ ಕಂಕುಳಲ್ಲಿ ಬಾತು ಹಿಡಿದು ಹೊರಬಂದರು. "ಜೀವ ಉಂಟು! ಬೇಗ ಚೂರಿ ತೆಗೀರಿ!" ಹಕ್ಕಿ ಸಾಯುವ ಮೊದಲೇ ಕೊಯ್ದರೆ ಮಾತ್ರ ಅರ್ಬಾಬರ ಮನೆಯಲ್ಲಿ ಅದನ್ನು ತಿನ್ನಬಹುದಿತ್ತು.

ನಾನು ಬಾತನ್ನು ನೋಡಿದೆ. ಹಾರಿಹೋದ ಹಿಂಡೆಲ್ಲ ಮಣ್ಣಿನ ಬಣ್ಣ, ಹಸಿರು ತಲೆ. ಇದು ಹಾಲಿನಂಥ ಬಿಳಿ! ಆ ದಿನದ ತಿಥಿಗೆ ಬಿಳಿಗೆ ಗೆಲುವಿತ್ತಂತೆ. ಮೈಯ ಮೇಲೆ ಒಂದು ತರಚು ಗಾಯವೂ ಇಲ್ಲ. ಅದೂ ಹೋಗಲಿ, ಕಾಲಿನಲ್ಲಿ ದಾರ! ಕೋಳಿ ಅಂಕದವರ ಕೈ ಅದು. ಹಕ್ಕಿ ಹಿಡಿದ ಕೂಡಲೇ ಕಾಲಿಗೆ ದಾರ ಕಟ್ಟುತ್ತದೆ, ತಲೆಗೆ ಗೊತ್ತಾಗುವುದೇ ಇಲ್ಲ. ಹಸಿರು-ಹಳದಿ ನೈಲಾನ್ ದಾರ. ಅಂಗಡಿಯ ಕೌಂಟರಿನ ಮೇಲೆ ಉಂಡೆಯಾಗಿ ತೂಗುತ್ತಿದ್ದದ್ದು, ಅರ್ಬಾಬ್ ಜೀವಮಾನವಿಡೀ ಗಿರಾಕಿಗಳ ಕಟ್ಟು ಕಟ್ಟಿಕೊಟ್ಟ ದಾರ.

ಅರ್ಬಾಬ್ ದಾರವನ್ನು ನೋಡಿದರು. ಭಾವನ ಕಣ್ಣಿಗೂ ಅದು ಬಿದ್ದದ್ದು ಆಗಷ್ಟೇ. ಭಾವನ ಮುಖ ಬಾಡಿತು. ನಾನು ಆಕಾಶ ನೋಡಿದೆ.

ಅರ್ಬಾಬ್ ಚೂರಿ ತೆಗೆದರು. ಬಾತಿನ ಕುತ್ತಿಗೆಗಲ್ಲ, ಕಾಲಿಗೆ ಹಿಡಿದರು. ಚೂರಿಯ ಅಲಗು ಭಾವನ ಹೆಬ್ಬೆರಳಿನ ಪಕ್ಕದಲ್ಲೇ ನಡುಗುತ್ತಿತ್ತು. ಭಾವ ಕೈ ಸರಿಸಲಿಲ್ಲ. ದಾರ ಕಡಿಯಿತು. ಅರ್ಬಾಬ್ ಅದನ್ನು ಮಡಚಿ ತಮ್ಮ ನಿಲುವಂಗಿಯ ಜೇಬಿಗೆ ಹಾಕಿಕೊಂಡರು. "ಗಟ್ಟಿ ಹಕ್ಕಿ. ಬಿಟ್ಟುಬಿಡು ಸದೀಕ್" ಎಂದರು. ಅಷ್ಟೇ.

ಬಿಟ್ಟರೆ ಅದು ಹೋಗಬೇಕಲ್ಲ! ಸಾಕಿದ ಬಾತು. ನೀರಿಗೆ ಇಳಿಸಿದರೆ ಹತ್ತಿ ಬಂತು, ಓಡಿಸಿದರೆ ಭಾವನ ಹಿಂದೆಯೇ ಪಿಕಪ್ಪಿನವರೆಗೆ ನಡೆದುಕೊಂಡು ಬಂತು. ಕೊನೆಗೆ ನಜ್ಮಾದ ನಮ್ಮ ಸ್ನಾನದ ಮನೆ ಸೇರಿತು. ಈಗ ಅಲ್ಲಿಂದ ನಿಜವಾದ ಕೂಗು ಕೇಳಿಸತೊಡಗಿದಾಗ ಕೆಳಗಿನ ಚೇಟ್ಟನ್ ಮೇಲೆ ಬಂದು ಸಂತೋಷಪಟ್ಟರು: "ಚೇಚಿ, ಈಗ ಸ್ವರ ಎಷ್ಟು ಸ್ಪಷ್ಟವಾಗಿದೆ!"

ಮರುದಿನ ಅರ್ಬಾಬ್ ತಾವಾಗಿಯೇ ಹೋಗಿ ಕೋವಿ ಒಪ್ಪಿಸಿ ಬಂದರು. ನನ್ನ ಮಟ್ಟಿಗೆ ಬೇಟೆ ಅಲ್ಲಿಗೆ ಮುಗಿಯಿತು. ಆ ಬೇಸಿಗೆಯಿಡೀ ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ.

ಮುಂದಿನ ಚಳಿಗಾಲದ ಮೊದಲ ಶುಕ್ರವಾರ, ನಸುಕಿನಲ್ಲಿ ಭಾವ ನನ್ನನ್ನು ಎಬ್ಬಿಸಿದರು. ಹಳದಿ ಜಾಕೆಟ್ ತೊಟ್ಟಿದ್ದರು. ಕೈಯಲ್ಲಿ ಫ್ಲಾಸ್ಕು. "ಯಲ್ಲಾ ಮಾರಾಯ, ಪಿಕಪ್ ತೆಗಿ."

ಅರ್ಬಾಬರ ಮನೆಯ ಗೇಟಿಗೆ ಮುದುಕರು ಮನೆಯ ಚಪ್ಪಲಿಯಲ್ಲೇ ಬಂದರು. ಈಗ ಎರಡೂ ಕೈ ನಡುಗುತ್ತಿದ್ದವು. "ಕೋವಿ ಮಾಫಿ, ಸದೀಕ್" ಎಂದರು.

"ಬಾತು ಉಂಟಲ್ಲ ಅರ್ಬಾಬ್" ಎಂದರು ಭಾವ.

ಅದೇ ಜೊಂಡು, ಅವೇ ಮೂರು ಸ್ಟೂಲು. ಅರ್ಬಾಬರಿಗೆ ಈ ಸಲ ಕಾಲು ಲೋಟ ಚಾ. ಮೇಲೆ ರೆಕ್ಕೆಗಳ ಸದ್ದಾಯಿತು. ಭಾವ ಕೂಗಿದರು. ಮನೆಯ ಬಾತಿನಿಂದ ಒಂದು ಬೇಸಿಗೆಯಿಡೀ ಪಾಠ ಹೇಳಿಸಿಕೊಂಡ ಸ್ವರ ಅದು. ಹಿಂಡು ತಿರುಗಿತು. ನಿಜವಾಗಿಯೂ ತಿರುಗಿ, ಕೆಳಗಿಳಿಯತೊಡಗಿತು!

ಅರ್ಬಾಬ್ ನಡುಗುವ ಕೈ ಎತ್ತಿ, ಬೆರಳು ಚಾಚಿ, ಒಂದು ಕಣ್ಣು ಮುಚ್ಚಿ, ಮೆಲ್ಲಗೆ "ಢಂ" ಎಂದರು.

ನಾನು ತಲೆ ತಗ್ಗಿಸಿದೆ.

"ಬಿತ್ತು ಅರ್ಬಾಬ್, ಬಿತ್ತು!" ಎಂದು ಭಾವ ಜೊಂಡಿನೊಳಗೆ ನುಗ್ಗಿದರು. ಪಚಪಚ ಸದ್ದಾಯಿತು. ಹೊರಗೆ ಬಂದಾಗ ಅವರ ಎಡ ಕಂಕುಳಲ್ಲಿ ಏನೂ ಇರಲಿಲ್ಲ. ಆದರೂ ಕಟ್ಟದ ಕೋಳಿಯನ್ನು ಹಿಡಿದ ಹಾಗೆ ಅದನ್ನು ಭದ್ರವಾಗಿ ಹಿಡಿದು ತಂದು ಅರ್ಬಾಬರ ಮುಂದೆ ಒಡ್ಡಿದರು.

ಅರ್ಬಾಬ್ ಬಗ್ಗಿ, ಕಾಲು ಇರಬೇಕಾದ ಜಾಗದಲ್ಲಿ ಬೆರಳಾಡಿಸಿ ನೋಡಿದರು.

"ಇದಕ್ಕೆ ದಾರ ಇಲ್ಲ" ಎಂದರು. "ಇದು ನಾನೇ ಹೊಡೆದದ್ದು."