ಕ್ಯಾಪ್ಟನ್ ಸಾಹೇಬರ ಕಿವಿ ಮತ್ತು ನಮ್ಮ ಹೆಡ್‌ಸೆಟ್‌ಗಳು

ವಿಮಾನ ಕಲಿಸುವ ಶಾಲೆಯಲ್ಲಿ ಕೆಲಸ ಅಂದ ಕೂಡಲೇ ನೆಂಟರೆಲ್ಲ ಕಣ್ಣರಳಿಸಿ, 'ಅಬ್ಬಾ, ಎಂಥೆಂಥಾ ಸಾಹಸ ನೋಡಿರ್ತೀಯ!' ಅನ್ನುತ್ತಾರೆ. ನಾನು ನೋಡಿದ್ದೆಲ್ಲ ನೆಲದ ಮೇಲೇ. ಹೈದರಾಬಾದಿನ ಅಂಚಿನಲ್ಲಿರುವ ನಮ್ಮ ಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳಿಗೆ ಹೆಡ್‌ಸೆಟ್ ಹಾಕಿಕೊಳ್ಳುವುದನ್ನು ಕಲಿಸುವುದು ನನ್ನ ಕೆಲಸ. ಎರಡು ಕಿವಿ, ಒಂದು ಬಾಯಿ, ಎರಡು ಪ್ಲಗ್ಗು. ಇಷ್ಟರಲ್ಲಿ ಏನು ಎಡವಟ್ಟು ಆದೀತು ಅಂತ ಕೇಳಬೇಡಿ. ಆಗುತ್ತಲೇ ಇರುತ್ತದೆ, ನಿಲ್ಲುವುದೇ ಇಲ್ಲ.

ಈ ಪ್ರಸಂಗಗಳೆಲ್ಲ ನಮ್ಮ ಹಿರಿಯ ಕ್ಯಾಪ್ಟನ್ ಸಾಹೇಬರವು. ರಾಯಚೂರು ಕಡೆಯವರು, ಶಾಲೆಯ ಮುಖ್ಯ ಶಿಕ್ಷಕರು. ನಾನು ಮೈಸೂರಿನವಳು. 'ನಿನ್ನ ಕನ್ನಡ ಭಾಳ ತೆಳ್ಳಗ ಐತಿ ತಂಗಿ, ಎರಡು ಜೋಳದ ರೊಟ್ಟಿ ತಿನ್ನು' ಎಂದು ನನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ಹೋದ ವರ್ಷ ಅವರ ಕಿವಿ ಮಂದವಾಗತೊಡಗಿತು. ಪೈಲಟ್‌ಗೆ ಕಿವಿ ಹೋದರೆ ಹಾರಾಟವೂ ಹೋಯಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೂ ಆ ವರ್ಷ ನಾವು ನಕ್ಕಷ್ಟು ಬೇರೆ ಯಾವ ವರ್ಷವೂ ನಗಲಿಲ್ಲ.

೧. ಅತ್ತರಿನ ಮೈಕು

ಹೆಡ್‌ಸೆಟ್ಟಿನ ಮೈಕು ತುಟಿಯಿಂದ ಒಂದು ಬೆರಳಿನಷ್ಟು ದೂರ, ಬಾಯಿಯ ಮೂಲೆಗೆ ಇರಬೇಕು. ಅದರ ತುದಿಗೊಂದು ಸ್ಪಂಜಿನ ಟೊಪ್ಪಿಗೆ. ನಮ್ಮ ವಿದ್ಯಾರ್ಥಿಗಳು ಅಮೀರ್‌ಪೇಟ್ ಹಾಸ್ಟೆಲ್ಲುಗಳಿಂದ ಮಿರ್ಚಿ ಬಜ್ಜಿ ತಿಂದು ಬರುವವರು. ಶಾಲೆಯ ಹೆಡ್‌ಸೆಟ್ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತಿತ್ತು, ಬಜ್ಜಿಯ ವಾಸನೆ ಮಾತ್ರ ಸ್ಪಂಜಿನಲ್ಲೇ ಉಳಿಯುತ್ತಿತ್ತು. ಕೊನೆಗೆ ನಾನು ನಮ್ಮ ಮೆಕ್ಯಾನಿಕ್ ಚಾಚಾಗೆ, 'ಇವನ್ನೆಲ್ಲ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ' ಅಂದೆ.

ಚಾಚಾ ಹೈದರಾಬಾದಿನ ಹಳೇ ನಗರದವರು. ಆ ವಾರವಷ್ಟೇ ಮಗಳ ಮದುವೆ ಮುಗಿಸಿದ್ದರು. ಸೋಪು ಯಾರಿಗೆ ಬೇಕು ಅಂತ, ಮದುವೆಯಲ್ಲಿ ಉಳಿದಿದ್ದ ಅತ್ತರನ್ನು ಒಂದೊಂದು ಸ್ಪಂಜಿಗೂ ಧಾರಾಳವಾಗಿ ಹಚ್ಚಿಬಿಟ್ಟರು.

ಬೆಳಿಗ್ಗೆ ಸಾಹೇಬರು ಒಬ್ಬ ವಿದ್ಯಾರ್ಥಿಯ ಜೊತೆ ಮೇಲೆ ಹೋದರು. ಮೂಗಿನ ಕೆಳಗೇ ಅತ್ತರು, ಕಿಟಕಿ ಮುಚ್ಚಿದ ಪುಟ್ಟ ವಿಮಾನ. ಸಾಹೇಬರು ಸೀನತೊಡಗಿದರು. ಗಾಬರಿಯಾದ ವಿದ್ಯಾರ್ಥಿ ರೇಡಿಯೋ ಗುಂಡಿಯನ್ನು ಒತ್ತಿ ಹಿಡಿದವನು ಬಿಡಲೇ ಇಲ್ಲ. ಆ ಸೀನುಗಳನ್ನು ಕಂಟ್ರೋಲ್ ಟವರ್ ಕೇಳಿತು, ಆಕಾಶದಲ್ಲಿದ್ದ ಉಳಿದ ವಿಮಾನಗಳೂ ಕೇಳಿದವು. ಗುಂಡಿ ಬಿಟ್ಟ ಮೇಲೆ, ಏನಾದರೂ ಸಹಾಯ ಬೇಕೇ ಅಂತ ಟವರಿನವರು ಗಂಭೀರವಾಗಿ ವಿಚಾರಿಸಿದರಂತೆ.

ಇಳಿದು ಬಂದ ಸಾಹೇಬರ ಕಣ್ಣು ಕೆಂಡ. 'ಏನು ತೊಂದ್ರಿ ಐತಿ ಅಂತ ಕೇಳಾಕತ್ತಾರ. ಏನಂತ ಹೇಳಲಿ ನಾನು? ಮದುವಿ ಮೆರವಣಿಗಿ ಮ್ಯಾಲ ಬಂದೈತಿ ಅನ್ನಲೇನು?'

ಚಾಚಾ ಸ್ವಲ್ಪವೂ ಅಳುಕಲಿಲ್ಲ. 'ವೋ ಸಬ್ ಛೋಡೋ ಸಾಬ್,' ಅಂದರು, 'ಖುಷ್ಬೂ ಕೈಸೀ ಥೀ?' ಪರಿಮಳ ಹೇಗಿತ್ತು ಅಂತ!

೨. ತುದಿ ಮುಟ್ಟಿದ ಗುಂಡಿ

ಹೆಡ್‌ಸೆಟ್ ಚುಚ್ಚುವ ಮೊದಲು ಅದರ ಸದ್ದಿನ ಗುಂಡಿಯನ್ನು ಪೂರ್ತಿ ಇಳಿಸಬೇಕು. ಆಮೇಲೆ ಕಿವಿಗೆ ಹಿತವಾಗುವಷ್ಟೇ ನಿಧಾನಕ್ಕೆ ಏರಿಸಬೇಕು. ಇದು ನಾನು ಹೇಳಿಕೊಡುವ ಮೊದಲನೇ ನಿಯಮ. ಹಿಂದೆ ಹಾಕಿಕೊಂಡಿದ್ದವರು ಎಲ್ಲಿ ಬಿಟ್ಟು ಹೋಗಿದ್ದಾರೋ ಯಾರಿಗೆ ಗೊತ್ತು?

ಮಂಗಳೂರಿನ ಒಬ್ಬ ಹುಡುಗಿ ಅವಸರದಲ್ಲಿ ಇದನ್ನು ಮರೆತಳು. ಸಾಹೇಬರು ಆಗಷ್ಟೇ ಬಿಚ್ಚಿಟ್ಟಿದ್ದ ಹೆಡ್‌ಸೆಟ್ ಹಾಕಿಕೊಂಡು ಪ್ಲಗ್ ಚುಚ್ಚಿದಳು. ಅದೇ ಹೊತ್ತಿಗೆ ಟವರಿನವರು ಮಾತಾಡಿದರು. ಹುಡುಗಿ ಕೂತಲ್ಲಿಂದ ಹಾರಿ ವಿಮಾನದ ಮಾಡಿಗೆ ತಲೆ ಕುಟ್ಟಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, 'ಮೇಡಂ, ಟವರಿನವರು ಮಾತಾಡಿದ್ದಲ್ಲ, ಅವರು ಉಗುಳು ನುಂಗಿದ್ದೂ ಕೇಳಿತು ಮಾರಾಯ್ರೆ!' ಅಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮರುದಿನವೂ ಸಾಹೇಬರು ಬಿಚ್ಚಿಟ್ಟಾಗ ಆ ಗುಂಡಿ ತುದಿ ಮುಟ್ಟಿತ್ತು. ಅದರ ಮರುದಿನವೂ. ಅಷ್ಟರಲ್ಲಿ ಅವರ ಹೆಂಡತಿ ಫೋನ್ ಮಾಡಿ, 'ಮನ್ಯಾಗ ನಾ ಏನ ಕೇಳಿದ್ರೂ ಹೂಂ ಅನ್ನತಾರವ್ವ, ಕೇಳಿಸಿ ಅನ್ನತಾರೋ ಸುಮ್ಮ ಅನ್ನತಾರೋ ತಿಳಿವಲ್ದು' ಅಂದರು.

ಸಾಹೇಬರ ಬಳಿ ಹೋಗಿ ನೇರವಾಗಿಯೇ ಹೇಳಿದೆ. 'ಸರ್, ಕಿವಿ ತೋರಿಸಿಕೊಳ್ಳಿ. ನಿಮ್ಮ ಪಕ್ಕ ಕೂರುವುದು ಇನ್ನೂ ಹಾರಲು ಬಾರದ ಮಕ್ಕಳು.'

ಅವರು ಕೈಯಲ್ಲಿದ್ದ ವೈರನ್ನು ಸುತ್ತಿ ಪಕ್ಕಕ್ಕಿಟ್ಟರು. ಆಮೇಲೆ, 'ನಾವು ಕಲಿಯೋ ಕಾಲಕ್ಕ ಇಷ್ಟು ಛಲೋ ಹೆಡ್‌ಸೆಟ್ ಎಲ್ಲಿದ್ವು? ಕಿವಿ ಮುಚ್ಚಿಕೊಳ್ಳೋರು ಅಂಜುಬುರುಕರು ಅಂತಿದ್ವಿ. ಎಂಜಿನ್ ಸದ್ದು ಕೇಳಿದ್ರ ಮೈ ತುಂಬಿ ಬರತಿತ್ತು' ಅಂದರು. ಪರೀಕ್ಷೆ ಆಗುವ ತನಕ ವಿದ್ಯಾರ್ಥಿಗಳ ಜೊತೆ ಹಾರುವುದಿಲ್ಲ ಅಂತ ಅವರೇ ಹೇಳಿದರು. ಅಂಥ ಮನುಷ್ಯ ತಲೆ ತಗ್ಗಿಸಿ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ.

ಬಾಗಿಲ ತನಕ ಹೋದವಳನ್ನು ಕರೆದರು. 'ಆ ಹುಡುಗಿಗೆ ಹೇಳು, ಗುಂಡಿ ಇಳಿಸದ ಹಾಕ್ಕೊಂಡಿದ್ದಕ್ಕ ಮಾರ್ಕ್ಸ್ ಕಟ್. ಸರ್‌ಗೆ ಕಿವುಡು ಬಂದ್ರೂ ಪಾಠಕ್ಕ ಕಿವುಡು ಬಂದಿಲ್ಲ.'

೩. ಹುಬ್ಬಿನ ಸದ್ದು

ಆಸ್ಪತ್ರೆಯ ಪರೀಕ್ಷೆಗೆ ಮುಂಚೆ ಒಂದು ರಿಹರ್ಸಲ್ ಮಾಡೋಣ ಅಂದರು ಸಾಹೇಬರು. ಖಾಲಿ ಕ್ಲಾಸಿನಲ್ಲಿ ಅವರನ್ನು ಕೂರಿಸಿ ಹೆಡ್‌ಸೆಟ್ ಹಾಕಿದೆ. ನಾನು ಎದುರು ಕೂತು ಅದಕ್ಕೆ ಜೋಡಿಸಿದ ಫೋನಿನಿಂದ ಸಣ್ಣ ಸಣ್ಣ ಸದ್ದು ಬಿಡುವುದು, ಕೇಳಿಸಿದ ಕೂಡಲೇ ಅವರು ಬೆರಳೆತ್ತುವುದು.

ದಪ್ಪ ಸದ್ದು ಬಿಟ್ಟೆ, ಬೆರಳೆತ್ತಿದರು. ತೆಳು ಸದ್ದು ಬಿಟ್ಟೆ, ಎತ್ತಿದರು. ನಾನು ಹಾಕಿಕೊಂಡರೂ ಕಷ್ಟದಲ್ಲಿ ಕೇಳಿಸುವ ಸದ್ದಿಗೂ ಎತ್ತಿದರು. ನನ್ನ ಖುಷಿ ಹೇಳತೀರದು. 'ಸರ್, ನಿಮ್ಮ ಕಿವಿ ಪಾತಾಳಗರಡಿ! ನಾವು ಸುಮ್ಮನೆ ಹೆದರಿದ್ವಿ' ಅಂದು ನೀರು ಕುಡಿಯಲು ಆಚೆ ತಿರುಗಿದೆ. ತಿರುಗಿಕೊಂಡೇ ಇನ್ನೊಂದು ಸದ್ದು ಬಿಟ್ಟೆ, ಸಾಕಷ್ಟು ಜೋರಾಗಿಯೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಾಚಾ, 'ನಕ್ಕೋ ಮೇಡಂ, ಉಂಗಲಿ ನಹೀ ಉಠಾಯೇ' ಎಂದು ತಲೆಯಾಡಿಸಿದರು. ಬೆರಳು ಏಳಲಿಲ್ಲ ಅಂತ.

ತಿರುಗಿ ನೋಡಿದೆ. ಏನಾಯಿತು ಅನ್ನುವ ಹಾಗೆ ಹುಬ್ಬೇರಿಸಿದೆ, ಅಷ್ಟೆ. ಯಾವ ಸದ್ದೂ ಇರಲಿಲ್ಲ. ಸಾಹೇಬರು ಥಟ್ಟನೆ ಬೆರಳೆತ್ತಿದರು.

ಆಗ ತಿಳಿಯಿತು. ಪ್ರತಿ ಸಲ ಸದ್ದು ಬಿಡುವಾಗಲೂ ನನ್ನ ಹುಬ್ಬು ತಾನಾಗಿ ಮೇಲೇರುತ್ತಿತ್ತು, ಅವರು ಅದನ್ನೇ ನೋಡಿ ಪಾಸಾಗುತ್ತಿದ್ದರು. ಅಳು ಬಂದು ನಾನು ಫೋನು ಕೆಳಗಿಟ್ಟೆ.

'ಅಳಬ್ಯಾಡ' ಅಂದರು ಸಾಹೇಬರು. 'ನಿನ್ನ ಹುಬ್ಬು ಭಾಳ ಸ್ವಚ್ಛ ಕೇಳಸತೈತಿ ತಂಗಿ.'

೪. ಹೆಡ್‌ಫೋನು ಪಾಸಾಯಿತು

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಪರೀಕ್ಷೆ ಮಾಡುವ ತೆಲುಗು ಹುಡುಗಿ ಗಾಜಿನ ಕಿಟಕಿಯ ಆಚೆ ಕೂರುತ್ತಾಳೆ, ಸಾಹೇಬರು ಈಚೆಯ ಸಣ್ಣ ಕೋಣೆಯಲ್ಲಿ. ಹುಡುಗಿ ಒಳಗೆ ಬಂದು ಹೆಡ್‌ಫೋನನ್ನು ಅವರ ಕನ್ನಡಕದ ಮೇಲೇ ಹಾಕಿ, 'ಸ್ಟಾರ್ಟ್ ಚೇದ್ದಾಮಾ ಸಾರ್?' ಅಂದಳು, ಶುರು ಮಾಡೋಣವೇ ಅಂತ.

ಸಾಹೇಬರು ಕೈ ಅಡ್ಡ ಹಿಡಿದರು. ಹೆಡ್‌ಫೋನ್ ತೆಗೆದು ತಿರುಗಿಸಿ ಮುರುಗಿಸಿ ನೋಡಿದರು. ಕಿವಿಯ ಮೇಲೆ ಕೂರುವ ಮೆತ್ತೆ ಒಂದು ಕಡೆ ಹರಿದಿತ್ತು. 'ಇದರಾಗ ಹೊರಗಿನ ಸದ್ದು ಒಳಗ ಬರತೈತಿ, ಬ್ಯಾರೇದು ತರ್ರಿ' ಅಂದದ್ದನ್ನು ನಾನು ತೆಲುಗಿನಲ್ಲಿ ಹೇಳಿದೆ. ಹುಡುಗಿ ಗೊಣಗುತ್ತಾ ಹೊಸ ಮೆತ್ತೆ ತಂದು ಹಾಕಿದಳು. ಆಮೇಲೆ ತಲೆಪಟ್ಟಿ ಸಡಿಲ ಅಂದರು, ಅದನ್ನೂ ಬಿಗಿ ಮಾಡಿದ್ದಾಯಿತು. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿಯುತ್ತಿದ್ದರು.

ಎಲ್ಲಾ ಆದ ಮೇಲೆ ಸಾಹೇಬರು ತಮ್ಮ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಕನ್ನಡಕದ ಕಡ್ಡಿ ಮೆತ್ತೆಯ ಕೆಳಗೆ ಸಂದಿ ಮಾಡುತ್ತದೆ, ಅದು ನಿಜ. ಆದರೆ ಕನ್ನಡಕ ಇಲ್ಲದಿದ್ದರೆ ಅವರಿಗೆ ಗಾಜಿನಾಚೆಯ ಹುಡುಗಿ ಬರೀ ಬಿಳಿ ಮಸುಕು. ಅವಳ ಮುಖ ನೋಡಿ ಬೆರಳೆತ್ತುವ ಹಾಗಿಲ್ಲ.

'ಸರ್, ಬೇಕಾದರೆ ಹಾಕಿಕೊಂಡಿರಿ, ಅವಳೇನೂ ಅನ್ನಲ್ಲ' ಅಂದೆ. ಕನ್ನಡಕವನ್ನು ಅವರ ಕಡೆಗೇ ಚಾಚಿದೆ.

'ನಾ ಹುಡುಗರಿಗೆ ಏನು ಕಲಿಸೀನೋ ಹಂಗ ಹಾಕ್ಕೋತೀನಿ' ಅಂದರು.

ಹುಡುಗಿ ಸದ್ದು ಬಿಡುತ್ತಲೇ ಹೋದಳು. ಸಾಹೇಬರು ಕಣ್ಣು ಮುಚ್ಚಿ, ಬೆರಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಏಳಬೇಕಾದ ಎಷ್ಟೋ ಸಲ ಬೆರಳು ಏಳಲಿಲ್ಲ. ಅವರ ಹಾರಾಟ ಆ ಕುರ್ಚಿಯಲ್ಲಿ ಮುಗಿಯಿತು. ನನಗೆ ಆ ಹುಡುಗಿಯ ಕೈ ಹಿಡಿದು ನಿಲ್ಲಿಸಿಬಿಡಬೇಕು ಅನ್ನಿಸಿತ್ತು.

ಹೊರಡುವಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದು ತೆಲುಗಿನಲ್ಲಿ ಹೇಳಿದಳು. 'ಫೇಲಾದವರು ನನ್ನನ್ನು ಬೈದು ಹೋಗುತ್ತಾರೆ ಮೇಡಂ. ಇವರು ನನ್ನ ಹೆಡ್‌ಫೋನನ್ನು ಪಾಸು ಮಾಡಿ ಹೋದರು.'

೫. ಊಟದ ಮೇಜಿನ ಮೇಲೆ

ಆಮೇಲೆ ಸಾಹೇಬರು ಶಾಲೆಗೆ ಬರುವುದು ಬಿಟ್ಟರು. ಕಿವಿಗೆ ಹಾಕುವ ಮಷೀನು ಬಂತು, ಅದು ಟೀವಿ ಪಕ್ಕದ ಡಬ್ಬಿಯಲ್ಲೇ ಉಳಿಯಿತು. ಅವರ ಹೆಂಡತಿಯದು ಮೊದಲಿಂದಲೂ ಮೆಲುದನಿ. 'ಜೋರಾಗಿ ಹೇಳಿ ನೋಡಿ ಅಮ್ಮಾ' ಅಂದರೆ, 'ಚೀರಿದ್ರ ಅದು ಜಗಳ ಆಗತೈತವ್ವ, ಮಾತ ಆಗಂಗಿಲ್ಲ. ಇಷ್ಟು ವರ್ಷ ಚೀರದ ಸಂಸಾರ ಮಾಡೀನಿ' ಅಂದರು. ಅವರ ಮನೆಯಲ್ಲಿ ಮಾತೇ ನಿಂತುಹೋಗಿತ್ತು.

ಒಂದು ಭಾನುವಾರ ನಾನು ಕ್ಲಾಸಿನ ಇಂಟರ್‌ಕಾಮ್ ಡಬ್ಬಿಯನ್ನೂ ಎರಡು ಹೆಡ್‌ಸೆಟ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಅಬಿಡ್ಸ್ ಹಿಂದಿನ ಅವರ ಮನೆಗೆ ಹೋದೆ. ಆ ಡಬ್ಬಿಗೆ ಎರಡು ಹೆಡ್‌ಸೆಟ್ ಚುಚ್ಚಿದರೆ ವಿಮಾನವಿಲ್ಲದೆಯೇ ಇಬ್ಬರು ಮಾತಾಡಬಹುದು. ಮೇಜಿನ ಮೇಲೆ ಹರಡಿದೆ. ಸಾಹೇಬರು ಮುಖ ತಿರುಗಿಸಿ ಕೂತಿದ್ದರು. ಅಮ್ಮ ಹೆಡ್‌ಸೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡರು, ಮೈಕು ಬೆನ್ನ ಕಡೆ ಹೋಯಿತು. ಅದನ್ನು ನೋಡಿ ಸಾಹೇಬರಿಗೆ ತಡೆಯಲಾಗಲಿಲ್ಲ. ಎದ್ದು ಬಂದರು.

'ಓಲೆ ತೆಗಿ' ಅಂದರು. 'ಮೆತ್ತಿ ಒತ್ತಿದ್ರ ನೋಯತೈತಿ.' ಅಮ್ಮನ ಓಲೆಯ ತಿರುಪು ಬಿಗಿದುಹೋಗಿತ್ತು. ಸಾಹೇಬರೇ ಬಗ್ಗಿ ನಿಧಾನಕ್ಕೆ ಬಿಚ್ಚಿದರು. ಹೆಂಡತಿಯ ಕಿವಿಯನ್ನು ಅವರು ಅಷ್ಟು ಜೋಪಾನವಾಗಿ ಮುಟ್ಟುವುದನ್ನು ನೋಡಿ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆಮೇಲೆ ಅವರೂ ಕೂತು ತಮ್ಮ ಹೆಡ್‌ಸೆಟ್ ಹಾಕಿಕೊಂಡರು. ಇಂಥದ್ದು ತಲೆಗೇರಿದರೆ ಅವರು ಪಾಠ ಮಾಡದೆ ಇರುವವರಲ್ಲ. 'ನೋಡು, ಟವರಿನವರು ಏನು ಹೇಳಿದ್ರೂ ಪೈಲಟ್ ಅದನ್ನ ತಿರುಗಿ ಹೇಳಬೇಕು. ಆಗಷ್ಟ ಕೇಳಿಸೇತಿ ಅಂತ ಲೆಕ್ಕ. ಸರಿ ಇದ್ರ ಟವರಿನವರು ಕರೆಕ್ಟ್ ಅಂತಾರ. ಈಗ ನೀನ ಟವರು. ಹೇಳು.'

ಅಮ್ಮ ನಾಚಿಕೊಂಡು ಮೈಕಿಗೆ ಮೆಲ್ಲಗೆ, 'ಬದನಿಕಾಯಿ ಪಲ್ಯ ಮಾಡೀನಿ' ಅಂದರು.

ಸಾಹೇಬರ ಮುಖ ಬದಲಾಯಿತು. ಆ ದನಿ ಅವರಿಗೆ ಎಷ್ಟು ದಿನಕ್ಕೆ ಕೇಳಿಸಿತೋ! ಬೆನ್ನು ನೆಟ್ಟಗೆ ಮಾಡಿ, ಥೇಟ್ ವಿಮಾನದಲ್ಲಿ ಮಾತಾಡುವ ಗತ್ತಿನಲ್ಲೇ ಹೇಳಿದರು: 'ಬದನಿಕಾಯಿ ಪಲ್ಯ ಮಾಡೀನಿ.'

'ಕರೆಕ್ಟ್' ಅಂದರು ಅಮ್ಮ, ಸೆರಗು ಬಾಯಿಗಿಟ್ಟು ನಕ್ಕರು. ಸೆರಗು ಮೈಕಿಗೆ ಅಡ್ಡ ಬಂತು, ಸಾಹೇಬರು ಕೈಯಿಂದ ಸರಿಸಿದರು. ಹೀಗೇ ಹಾಲಿನವನ ವಿಷಯ, ಮೇಲಿನ ಮನೆಯ ನಲ್ಲಿ ಸೋರುವ ವಿಷಯ, ಎಲ್ಲಾ ಹೋಗಿ ಬಂದವು.

ಆಮೇಲೆ ಅಮ್ಮ ಬಿಚ್ಚಿಟ್ಟ ಓಲೆಯನ್ನು ಬೆರಳಲ್ಲಿ ಉರುಳಿಸಿದರು. ಮೇಜು ನೋಡುತ್ತಾ, 'ಮುಂದ ಹೆಂಗ ಅಂತ ನನಗ ಭಾಳ ಹೆದರಿಕಿ ಆಗಾಕತ್ತೈತಿ' ಅಂದರು.

ಅಭ್ಯಾಸ ಬಲ ನೋಡಿ. ಸಾಹೇಬರು ಯೋಚನೆ ಮಾಡದೆ ಅದೇ ಗತ್ತಿನಲ್ಲಿ ಶುರು ಮಾಡಿದರು: 'ಮುಂದ ಹೆಂಗ ಅಂತ ನನಗ ಭಾಳ ಹೆದರಿಕಿ...' ಅಲ್ಲಿಗೆ ನಿಂತರು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಮುಗಿಸಿದರು: '...ಆಗಾಕತ್ತೈತಿ.'

ಅದು ತಿರುಗಿ ಹೇಳಿದ್ದಲ್ಲ, ಅವರ ಸ್ವಂತ ಮಾತು. ಅಷ್ಟು ವರ್ಷದಲ್ಲಿ ಆ ಮನುಷ್ಯ ಹೆದರಿಕೆ ಅನ್ನುವುದನ್ನು ಯಾರ ಮುಂದೆಯೂ ಹೇಳಿದ್ದಿಲ್ಲ. ಅಮ್ಮ ಕಣ್ಣೊರೆಸಿಕೊಂಡು, 'ಕರೆಕ್ಟ್' ಅಂದರು. ಅವರ ಕೈ ಹಿಡಿದುಕೊಂಡರು. ಹಿಡಿದ ಕೈ ಬಿಡದೆಯೇ, ಸಾಹೇಬರು ತಿರುಗಿ ಹೇಳಲೆಂದು ಮುಂದುವರಿಸಿದರು: 'ನಾಳಿಂದ ಕಿವಿ ಮಷೀನು ಹಾಕ್ಕೋತೀನಿ.'

ಸಾಹೇಬರು ಸೂರು ನೋಡಿದರು. ಡಬ್ಬಿಯ ವೈರು ಮುಟ್ಟಿ ನೋಡಿದರು. 'ಟವರ್, ಕೇಳಿಸಲಿಲ್ಲ. ಲೈನಿನಾಗ ಏನೋ ಗಡಬಡ ಐತಿ.'

'ಪಲ್ಯ ಕೇಳಿಸ್ತು, ಹಾಲು ಕೇಳಿಸ್ತು, ಇದೊಂದು ಕೇಳಿಸಲಿಲ್ಲೇನು?' ಅಂದರು ಅಮ್ಮ, ಅದೇ ಮೆಲುದನಿಯಲ್ಲಿ. 'ನೀವು ತಿರುಗಿ ಹೇಳೋ ತನಕ ಟವರು ನಿಮ್ಮನ್ನ ಊಟಕ್ಕ ಇಳಿಸಂಗಿಲ್ಲ.'